ಮಾತಿನ ತಂತಿಯಲ್ಲೇ ಕರೆಂಟು

ಕರೆಂಟು ಹೋಗಿ ಊರೆಲ್ಲ ಕತ್ತಲಾದಾಗಲೂ ಹಳೆಯ ದೂರವಾಣಿ ಕೆಲಸ ಮಾಡುತ್ತಿತ್ತು. ಅದಕ್ಕೆ ವಿದ್ಯುತ್ ಬರುತ್ತಿದ್ದುದು ಮನೆಯ ಪ್ಲಗ್ಗಿನಿಂದಲ್ಲ, ವಿನಿಮಯ ಕೇಂದ್ರದ ಬ್ಯಾಟರಿಗಳಿಂದ. ಮಾತನ್ನು ಒಯ್ಯುವ ಜೋಡಿ ತಂತಿಯೇ ಸುಮಾರು 48 ವೋಲ್ಟ್ ವಿದ್ಯುತ್ತನ್ನೂ ಹೊತ್ತು ತರುತ್ತಿತ್ತು.

ಮೊದಲು ಹೀಗಿರಲಿಲ್ಲ. ಪ್ರತಿ ಫೋನಿಗೂ ಅದರದೇ ಬ್ಯಾಟರಿ ಬೇಕಾಗಿತ್ತು. 1890ರ ದಶಕದಲ್ಲಿ ಅಮೆರಿಕದಲ್ಲಿ ಬ್ಯಾಟರಿಗಳನ್ನೆಲ್ಲ ವಿನಿಮಯ ಕೇಂದ್ರದಲ್ಲೇ ಇಡುವ ಪದ್ಧತಿ ಬಂದ ಮೇಲೆ ಆ ತಾಪತ್ರಯ ತಪ್ಪಿತು.

ಕಂಪ್ಯೂಟರ್ ಜಾಲ ಈ ಪಾಠವನ್ನು ಕಲಿತದ್ದು ತಡವಾಗಿ. 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್‌ನೆಟ್ ಜಾಲವನ್ನು ರೂಪಿಸತೊಡಗಿದರು. 1983ರ ಮಾನಕದ ಕೇಬಲ್ ಸುಮಾರು ಒಂದು ಸೆಂಟಿಮೀಟರ್ ದಪ್ಪವಿತ್ತು. ಅದಕ್ಕೆ ಮೊಳೆಯಂಥ ಮುಳ್ಳು ಚುಚ್ಚಿ ಸಂಪರ್ಕ ಪಡೆಯಬೇಕಿತ್ತು. 1990ರಲ್ಲಿ ದೂರವಾಣಿ ತಂತಿಯನ್ನೇ ಹೋಲುವ, ಹೊಸೆದ ಜೋಡಿ ತಂತಿಗಳಿಗೆ ಮಾನಕ ಬಂತು. ಆದರೂ ಮಾಹಿತಿಗೊಂದು ಕೇಬಲ್, ವಿದ್ಯುತ್ತಿಗೆ ಇನ್ನೊಂದು ಎಂಬ ಪಾಡು ತಪ್ಪಲಿಲ್ಲ. ಚಾವಣಿಯಲ್ಲಿ ಕ್ಯಾಮೆರಾ ಕೂರಿಸಬೇಕೆಂದರೆ ಅಲ್ಲಿಗೂ ಪ್ಲಗ್ ಪಾಯಿಂಟ್ ಎಳೆಯಬೇಕು.

2003ರ ಮಾನಕ ಇವೆರಡನ್ನೂ ಒಂದುಗೂಡಿಸಿತು. ಜಾಲದ ಸ್ವಿಚ್ ಪೆಟ್ಟಿಗೆಯೇ ಪ್ರತಿ ಕೇಬಲ್ಲಿಗೆ 15.4 ವ್ಯಾಟ್‌ವರೆಗೆ ವಿದ್ಯುತ್ ಕೊಡಬಹುದಾಯಿತು. 2018ರ ಮಾನಕದಲ್ಲಿ ಈ ಮಿತಿ 90 ವ್ಯಾಟ್‌ಗೆ ಏರಿತು.

ಆದರೆ ವಿದ್ಯುತ್ ಬೇಡದ ಉಪಕರಣಕ್ಕೆ ಅದು ಹರಿದರೆ ಸುಟ್ಟುಹೋಗದೆ? ಅದಕ್ಕೂ ಉಪಾಯವಿದೆ. ಪೆಟ್ಟಿಗೆ ಮೊದಲು 10 ವೋಲ್ಟ್ ಮೀರದ ಅಲ್ಪ ವಿದ್ಯುತ್ತಿನಿಂದ ಪರೀಕ್ಷಿಸುತ್ತದೆ. ಆ ಬದಿಯಲ್ಲಿ ಸುಮಾರು 25 ಕಿಲೋ ಓಮ್ ಪ್ರತಿರೋಧ ಕಂಡರಷ್ಟೇ ಪೂರ್ಣ ವಿದ್ಯುತ್ ಬಿಡುತ್ತದೆ. ಕೇಳಿದವರಿಗೆ ಮಾತ್ರ ಬಡಿಸುವ ರೀತಿ ಇದು. ಈ ಮಾನಕ ಪಾಲಿಸದ ಅಗ್ಗದ ಪೆಟ್ಟಿಗೆಗಳು ಕೇಳದೆಯೇ ಬಡಿಸುತ್ತವೆ; ಜೋಡಿಸುವವರು ಎಚ್ಚರ ವಹಿಸಬೇಕಾದುದು ಅಲ್ಲೇ.

ಇನ್ನೊಂದು ಮಾತು. ಮನೆಗೆ ಬರುವ ಆಪ್ಟಿಕಲ್ ಫೈಬರ್ ಗಾಜಿನ ಎಳೆ. ಅದು ಬೆಳಕನ್ನು ಒಯ್ಯುತ್ತದೆ, ಫೋನಿಗೆ ಬೇಕಾದ ವಿದ್ಯುತ್ತನ್ನಲ್ಲ. ಹಾಗಾಗಿ ಮನೆಯಲ್ಲಿ ಕರೆಂಟು ಹೋದರೆ, ಬ್ಯಾಟರಿಯ ಆಸರೆ ಇಲ್ಲದಿದ್ದಲ್ಲಿ, ಆ ಫೋನೂ ಮೂಕವಾಗುತ್ತದೆ. ಆಂಬುಲೆನ್ಸ್ ಕರೆಯಬೇಕಾದ ಹೊತ್ತಿನಲ್ಲಿ ಇದು ಸಣ್ಣ ವಿಷಯವಲ್ಲ. ವಿನಿಮಯ ಕೇಂದ್ರ ಹೊತ್ತಿದ್ದ ಬ್ಯಾಟರಿಯ ಹೊಣೆ, ನೂರು ವರ್ಷಗಳ ನಂತರ ಮತ್ತೆ ಮನೆಯವರ ಹೆಗಲಿಗೇ ಬಂದಿದೆ.