ಮನೆಗೆ ನೆರೆ ನೀರು ನುಗ್ಗಿದರೆ ಕೂಡಲೇ ಪಂಪ್ ಹಾಕಬೇಕೇ?

ನೀರನ್ನು ಎಷ್ಟು ಬೇಗ ಹೊರಹಾಕಿದರೆ ಅಷ್ಟು ಒಳ್ಳೆಯದು ಎಂದೇ ಹೆಚ್ಚಿನವರು ನಂಬಿದ್ದಾರೆ. ನಡುಮನೆಯ ನೆಲದ ಮಟ್ಟಿಗೆ ಇದು ನಿಜ. ಬಾವಿಗೂ ನೆಲಮಾಳಿಗೆಗೂ ಇದೇ ಮಾತು ಅನ್ವಯಿಸಿದರೆ ಗೋಡೆಯೇ ಕುಸಿಯಬಹುದು.

ಉಡುಪಿ ತಾಲೂಕಿನ ಹೂಡೆಯನ್ನೇ ನೋಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ನದಿ, ನಡುವೆ ಮರಳು ನೆಲ. ಜೋರು ಮಳೆಯ ಹೊತ್ತಿಗೆ ಸಮುದ್ರದಲ್ಲಿ ಭರತವಿದ್ದರೆ ಹೊಳೆಯ ನೀರು ಸರಾಗವಾಗಿ ಕಡಲು ಸೇರುವುದಿಲ್ಲ, ಅಂಗಳಕ್ಕೆ ಏರುತ್ತದೆ. 2020ರ ಸೆಪ್ಟೆಂಬರ್ 20ರ ಮಳೆಗಂತೂ ಉಡುಪಿ ನಗರದ ಕಲ್ಸಂಕವೂ ಸ್ವರ್ಣೆಯ ದಂಡೆಯ ತಗ್ಗು ಪ್ರದೇಶಗಳೂ ಜಲಾವೃತವಾಗಿದ್ದವು. ಇಲ್ಲಿನ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲ, ಬಾವಿ ಇರುತ್ತದೆ. ಮಣಿಪಾಲದ ಫ್ಲಾಟುಗಳಲ್ಲಿ ಬಾವಿಯ ಬದಲು ನೆಲದಡಿಯ ಪಾರ್ಕಿಂಗ್ ಇರುತ್ತದೆ. ಎರಡರ ಸಮಸ್ಯೆಯೂ ಒಂದೇ.

ಮೊದಲು ಕರೆಂಟಿನ ವಿಷಯ. ನೀರು ಹೊಸ್ತಿಲು ದಾಟುವ ಮುಂಚೆಯೇ ಮೇನ್ ಸ್ವಿಚ್ ಆಫ್ ಮಾಡಿ. ಮೇನ್ ಆಫ್ ಆಯಿತೆಂದು ಧೈರ್ಯದಿಂದ ನೀರಿಗಿಳಿಯಬೇಡಿ. ಇನ್ವರ್ಟರ್ ಇದ್ದರೆ ಅದು ತನ್ನ ಬ್ಯಾಟರಿಯಿಂದ ಮನೆಯ ವಯರಿಂಗಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ, ಅದನ್ನೂ ಆಫ್ ಮಾಡಬೇಕು. ಸ್ವಿಚ್ ಬೋರ್ಡ್ ತಲುಪಲು ನೀರಿನಲ್ಲೇ ನಡೆಯಬೇಕಾದರೆ ಆ ಸಾಹಸ ಬೇಡ, 1912ಕ್ಕೆ ಕರೆ ಮಾಡಿ ಮೆಸ್ಕಾಂನವರಿಂದಲೇ ಸಂಪರ್ಕ ಕಡಿಸಿ. ನೀರು ನುಗ್ಗುತ್ತಿರುವ ಪಾರ್ಕಿಂಗಿಗೆ ಬೈಕು ತರಲೆಂದು ಇಳಿಯಲೇಬಾರದು. 2024ರ ಜುಲೈಯಲ್ಲಿ ದೆಹಲಿಯ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ 3 ವಿದ್ಯಾರ್ಥಿಗಳು ಸತ್ತದ್ದು ನೆನಪಿರಬಹುದು.

ಇನ್ನು ಪಂಪ್. ನೆರೆ ಇಳಿದ ಮೇಲೂ ಸುತ್ತಲಿನ ಮಣ್ಣು ನೀರು ಕುಡಿದು ನಿಂತಿರುತ್ತದೆ. ಒಂದು ಮೀಟರ್ ಆಳದಲ್ಲಿ ಆ ನೀರು ಗೋಡೆಯ ಪ್ರತಿ ಚದರ ಮೀಟರನ್ನು ಸುಮಾರು 1000 ಕಿಲೋ ಭಾರದಷ್ಟು ಬಲದಿಂದ ಒತ್ತುತ್ತದೆ. ಒಳಗಿನ ನೀರು ಅಷ್ಟೇ ಬಲದಿಂದ ಹೊರಗೆ ಒತ್ತುವುದರಿಂದ ಗೋಡೆ ನಿಂತಿದೆ. ಒಳಗಿನದನ್ನು ಒಮ್ಮೆಲೇ ಖಾಲಿ ಮಾಡಿದರೆ ಹೊರಗಿನ ಒತ್ತಡ ಮಾತ್ರ ಉಳಿಯುತ್ತದೆ. ಮರಳು ನೆಲದ ಬಾವಿಯ ರಿಂಗು ಜರಗುವುದು, ನೆಲಮಾಳಿಗೆಯ ಗೋಡೆ ಬಿರುಕು ಬಿಡುವುದು ಹೀಗೆ. ಆದ್ದರಿಂದ ಹೊರಗಿನ ನೀರು ಪೂರ್ತಿ ಇಳಿದ ಮೇಲೆ ಒಂದಡಿಯಷ್ಟು ನೀರು ತೆಗೆದು, ಗೋಡೆಗೆ ಗುರುತು ಹಾಕಿ, ಮರುದಿನ ನೋಡಿ. ನೀರು ಮತ್ತೆ ಗುರುತು ದಾಟಿ ಏರಿದ್ದರೆ ಕಾಯಬೇಕು. ಡೀಸೆಲ್ ಪಂಪನ್ನಾಗಲಿ ಜನರೇಟರನ್ನಾಗಲಿ ಒಳಗೆ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಬಾವಿಗೆ ಪಟಿಕ ಹಾಕಿದರೆ ಸಾಕು ಎನ್ನುವವರಿದ್ದಾರೆ. ಪಟಿಕ ಕೆಸರನ್ನು ತಳಕ್ಕೆ ಇಳಿಸುತ್ತದೆ, ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ನೇ ಬೇಕು. ಮಾಮೂಲಿಯಾಗಿ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ ಸಾಕು, ನೆರೆ ಬಂದು ಹೋದ ಬಾವಿಗೆ ಅದರ ಎರಡರಷ್ಟು. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಅಂದರೆ 47 ಗ್ರಾಂ ಪುಡಿ. ಅದನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ಕೆಳಗಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಕೊಡದಿಂದ ಮೇಲೆ ಕೆಳಗೆ ಕಲಕಿ. ಕನಿಷ್ಠ ಒಂದು ಗಂಟೆ ಬಿಡಬೇಕು. ಆಮೇಲೂ ಕುಡಿಯುವ ನೀರನ್ನು ಕುದಿಸುವುದು ಒಳಿತು. ಉಪ್ಪುನೀರು ಸೇರಿದ್ದರೆ ಕ್ಲೋರಿನ್ನಿನಿಂದಾಗಲಿ ಕುದಿಸುವುದರಿಂದಾಗಲಿ ಉಪ್ಪು ಹೋಗುವುದಿಲ್ಲ. ಮುಂದಿನ ಮಳೆಗಳೇ ಅದನ್ನು ತೊಳೆಯಬೇಕು.

ಕೆಸರು ತೆಗೆಯುವಾಗ ಗಂಬೂಟು, ಕೈಗವಸು ಇರಲಿ. ಮೂಲೆಯಲ್ಲಿ ಹಾವು ಸೇರಿಕೊಂಡಿರಬಹುದು, ಮೊದಲು ಕೋಲಿನಿಂದ ತಡವಿ. ಕರಾವಳಿಯಲ್ಲಿ ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ಇಲಿ ಜ್ವರಕ್ಕೆ. ಇಲಿಯ ಮೂತ್ರ ಸೇರಿದ ನೀರಿನಲ್ಲಿರುವ ಬ್ಯಾಕ್ಟೀರಿಯಾ ಕಾಲಿನ ಸಣ್ಣ ಗಾಯದಿಂದಲೂ ಒಳಹೋಗುತ್ತದೆ. ಜ್ವರ ಬರುವುದು ಅಂದೇ ಅಲ್ಲ, ಹೆಚ್ಚಾಗಿ ಒಂದೆರಡು ವಾರಗಳ ಮೇಲೆ. ಅಷ್ಟರಲ್ಲಿ ನೆರೆಯ ಸಂಗತಿ ಮರೆತುಹೋಗಿರುತ್ತದೆ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಬರೀ ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ. ಆಸ್ಪತ್ರೆಗೆ ಹೋಗಿ, ನೆರೆ ನೀರಿನಲ್ಲಿ ಓಡಾಡಿದ್ದನ್ನು ವೈದ್ಯರು ಕೇಳುವ ಮೊದಲೇ ಹೇಳಿ.