ಹದಿನೈದು ವರ್ಷದ ಬಾಂಡು, ಪೆಟ್ಟಿಗೆಯ ಚಿನ್ನ

ನಮ್ಮ ಸಂಘದ ಸದಸ್ಯರ ಮುಂದೆ ಒಂದು ಹಳೆಯ ಪ್ರಶ್ನೆ ಇಡುತ್ತಿದ್ದೇವೆ. ಬಡ್ಡಿ ಹೆಚ್ಚು ಕೊಡುತ್ತೇವೆಂದರೂ ಜನ ದೀರ್ಘಾವಧಿ ಠೇವಣಿಗೆ ಹಿಂದೇಟು ಹಾಕುವುದೇಕೆ? ಹಳ್ಳಿಯವರಿಗೆ ತಿಳುವಳಿಕೆ ಸಾಲದು ಎಂದು ಪೇಟೆಯವರು ಅನ್ನುವುದುಂಟು. ಇತಿಹಾಸ ನೋಡಿದರೆ ಹಾಗೆ ಕಾಣುವುದಿಲ್ಲ.

1962ರಲ್ಲಿ ಚೀನಾ ಯುದ್ಧ ಬಂದಾಗ ಕೇಂದ್ರ ಸರ್ಕಾರ ಚಿನ್ನದ ಬಾಂಡು ಹೊರಡಿಸಿತು. ಚಿನ್ನ ಕೊಟ್ಟವರಿಗೆ ಶೇ. 6.5 ಬಡ್ಡಿ, ಅವಧಿ 15 ವರ್ಷ. ಇಡೀ ದೇಶದಿಂದ ಬಂದದ್ದು ಸುಮಾರು 16 ಟನ್ ಮಾತ್ರ. ಸರ್ಕಾರ ಕಟ್ಟಿದ ಬೆಲೆ ಪೇಟೆ ಬೆಲೆಗಿಂತ ಕಡಿಮೆಯಿತ್ತು, ಅದೂ ನಿಜವೇ. ಆದರೆ 1965ರ ರಕ್ಷಣಾ ಚಿನ್ನದ ಬಾಂಡಿನಲ್ಲಿ ಬೆಲೆಯ ತಕರಾರೇ ಇರಲಿಲ್ಲ. 1980ರಲ್ಲಿ ಚಿನ್ನವನ್ನೇ ಮರಳಿಸುವ ಮಾತು, ಮರಳಿಸಿದರು ಕೂಡ. ಆಗಲೂ ಬಂದದ್ದು 14 ಟನ್ನಿನ ಆಸುಪಾಸು. ದೇಶಭಕ್ತಿ ಕಡಿಮೆಯಾಗಿತ್ತೇ? ಇಲ್ಲ. ಅದೇ ಚೀನಾ ಯುದ್ಧದ ಕಾಲದಲ್ಲಿ ಹೆಣ್ಣುಮಕ್ಕಳು ರಕ್ಷಣಾ ನಿಧಿಗೆ ಕೈಬಳೆ ಬಿಚ್ಚಿ ಕೊಟ್ಟಿದ್ದರು. ದಾನ ಕೊಟ್ಟದ್ದು ಹೋಯಿತು, ಲೆಕ್ಕ ಮುಗಿಯಿತು. ಇಟ್ಟ ಚಿನ್ನ ಹಾಗಲ್ಲ, ಬೇಕಾದಾಗ ಕೈಗೆ ಸಿಗಬೇಕು.

ಹದಿನೈದು ವರ್ಷದ ಮೇಲೆ ನಮಗೆ ಏನು ಬೇಕಾಗ್ತದೋ ಯಾರು ಕಂಡವರು? ಬಾವಿ ತೋಡಿಸಬೇಕೆಂದು ಕೂಡಿಟ್ಟವನಿಗೆ ಎರಡು ವರ್ಷ ಕಳೆದರೆ ಮಗನ ಓದೇ ದೊಡ್ಡದಾಗಿ ಕಾಣುತ್ತದೆ. ಕಷ್ಟ ಬರುವುದೊಂದೇ ಅಲ್ಲ, ಆಸೆಯೂ ಬದಲಾಗುತ್ತದೆ. ಹಾಗಾದರೆ ಹೊಲವನ್ನೇಕೆ ಮುಗಿಬಿದ್ದು ಕೊಳ್ಳುತ್ತೇವೆ, ಅದೂ ಬೇಗ ಮಾರಲಾಗದ ಆಸ್ತಿಯಲ್ಲವೇ ಎನ್ನಬಹುದು. ಹೊಲದ ಗುಣ ಬೇರೆ. ರಾಗಿ ಬೇಡವೆನಿಸಿದರೆ ತೆಂಗು ಹಾಕಬಹುದು, ಗುತ್ತಿಗೆಗೆ ಕೊಡಬಹುದು, ಮನೆಯನ್ನೂ ಕಟ್ಟಬಹುದು. ನಮ್ಮ ಮನಸ್ಸು ತಿರುಗಿದಂತೆ ಅದೂ ತಿರುಗುತ್ತದೆ. ಬಾಂಡಿನ ಕಾಗದ ತಿರುಗುವುದಿಲ್ಲ.

1988ರಲ್ಲಿ ಅಂಚೆ ಕಚೇರಿಗಳಿಗೆ ಕಿಸಾನ್ ವಿಕಾಸ್ ಪತ್ರ ಬಂತು. ಐದೂವರೆ ವರ್ಷಕ್ಕೆ ಹಣ ಇಮ್ಮಡಿ. ನಡುವೆ ಬೇಕೆಂದರೆ ಎರಡೂವರೆ ವರ್ಷದ ಮೇಲೆ ತೆಗೆಯಬಹುದಿತ್ತು. ಜನ ಧಾರಾಳವಾಗಿ ಹಾಕಿದರು. 2015ರಲ್ಲಿ ಬಂದ ಹೊಸ ಚಿನ್ನದ ಬಾಂಡಿಗೂ ಅವಧಿ ಎಂಟು ವರ್ಷವಾದರೂ, ಐದು ವರ್ಷದ ನಂತರ ಹೊರಬರುವ ಅವಕಾಶ ಇಟ್ಟಿದ್ದರು.

ಸಂಘದ ತೊಡಕೂ ಇಲ್ಲೇ ಇದೆ. ಠೇವಣಿಯೆಲ್ಲ ಆರು ತಿಂಗಳಿನದ್ದಾದರೆ, ಬಾವಿಗೆ ಪಂಪ್‌ಸೆಟ್ಟಿಗೆ ಏಳೆಂಟು ವರ್ಷದ ಸಾಲ ಯಾವ ಧೈರ್ಯದ ಮೇಲೆ ಕೊಡುವುದು? ಠೇವಣಿಯ ಮೇಲೆ ಸಾಲ ಎಷ್ಟು ಸಿಗುತ್ತದೆ, ಅವಧಿಗೆ ಮುನ್ನ ತೆಗೆದರೆ ಬಡ್ಡಿ ಎಷ್ಟು ಕಡಿತವಾಗುತ್ತದೆ ಎಂಬುದನ್ನು ಠೇವಣಿ ರಸೀದಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದು ಆಡಳಿತ ಮಂಡಳಿಯವರನ್ನು ಕೋರುತ್ತೇವೆ.