ಊರಿಗೆ ಹೊರಟಿರಾ? ದೇವನಹಳ್ಳಿಯ ಕಥೆ ಕೇಳಿ



ರಜೆ ಬಂತೆಂದರೆ ಸದಾಶಿವ ಪೇಠದ ಕನ್ನಡ ಮನೆಗಳಲ್ಲಿ ಊರಿಗೆ ಹೊರಡುವ ಸಡಗರ. ಕೆಲವರು ಸ್ವಾರ್‌ಗೇಟ್‌ಗೆ ಹೋಗಿ ಬಸ್ಸು ಹತ್ತಿದರೆ, ಕೆಲವರು ಲೋಹಗಾಂವ್‌ಗೆ ಹೋಗಿ ವಿಮಾನ ಹತ್ತುತ್ತಾರೆ. ಲೋಹಗಾಂವ್ ನಿಲ್ದಾಣ 1939ರಲ್ಲಿ ವಾಯುಪಡೆಗಾಗಿ ಆದದ್ದು. ಯುದ್ಧವಿಮಾನಕ್ಕೂ ನಮಗೂ ಇಂದಿಗೂ ಅಲ್ಲಿ ಒಂದೇ ರನ್‌ವೇ.

ಬೆಂಗಳೂರಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ ಶುರುವಾಯಿತು. ಕನ್ನಡ, ಮರಾಠಿ ಎರಡೂ ಕೇಳಿಬರುವ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದವರು ವಾಲ್‌ಚಂದ್ ಹಿರಾಚಂದ್. ನಮ್ಮ ಪುಣೆ ಜಿಲ್ಲೆಯ ವಾಲ್‌ಚಂದ್‌ನಗರ ಇವರ ಹೆಸರಿನದೇ. ವಿಮಾನ ಕಟ್ಟುವ ಕನಸು ಹೊತ್ತ ಅವರಿಗೆ ಮೈಸೂರು ಸರ್ಕಾರ ಜಾಗ ಕೊಟ್ಟು ಪಾಲುದಾರನಾಯಿತು. 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಅದೇ ಮುಂದೆ ಎಚ್‌ಎಎಲ್. ಆ ಕಾರ್ಖಾನೆಯ ರನ್‌ವೇಯಲ್ಲೇ ಬೆಂಗಳೂರಿನ ಪ್ರಯಾಣಿಕರು ದಶಕಗಳ ಕಾಲ ಹತ್ತಿ ಇಳಿದರು.

2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯಿತು. ಸುತ್ತ 150 ಕಿ.ಮೀ. ಒಳಗೆ ಬೇರೆ ನಿಲ್ದಾಣ ಇರಬಾರದೆಂಬ ಕರಾರು ಇದ್ದುದರಿಂದ ಎಚ್‌ಎಎಲ್‌ನ ನಾಗರಿಕ ವಿಮಾನಗಳು ನಿಂತವು. "ಅಷ್ಟು ದೂರ ಯಾರು ಹೋಗುತ್ತಾರೆ?" ಎಂಬ ಪ್ರತಿಭಟನೆಗಳೂ ಆದವು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು. 2019ರಲ್ಲಿ ಎರಡನೆಯ ರನ್‌ವೇ ಬಳಕೆಗೆ ಬಂತು.

ಈಗ ಅಲ್ಲಿ ಎರಡು ಟರ್ಮಿನಲ್‌ಗಳಿವೆ. ಟಿಕೆಟ್ಟಿನಲ್ಲಿ ಯಾವುದೆಂದು ಮೊದಲೇ ನೋಡಿಕೊಳ್ಳಿ, ಕರೆದೊಯ್ಯಲು ಬರುವವರಿಗೂ ತಿಳಿಸಿ. 2022ರ ನವೆಂಬರ್ 11ರಂದು ಉದ್ಘಾಟನೆಯಾದ ಎರಡನೆಯ ಟರ್ಮಿನಲ್‌ನಲ್ಲಿ ಚಾವಣಿಗೆ ಬಿದಿರು, ತಲೆಯ ಮೇಲೆ ತೂಗುವ ಗಿಡಗಳು. ವರ್ಷಕ್ಕೆ 2.5 ಕೋಟಿ ಪ್ರಯಾಣಿಕರಿಗೆಂದು ಕಟ್ಟಿದ್ದು. ವಿದೇಶಕ್ಕೆ ಹಾರುವವರು ಹೋಗಬೇಕಾದದ್ದೂ ಇಲ್ಲಿಗೇ. ಊರೊಳಗೆ ಹೋಗಲು ವಾಯುವಜ್ರ ಬಸ್ಸುಗಳಿವೆ.

ಅದೇ ದಿನ ನಿಲ್ದಾಣದ ಆವರಣದಲ್ಲಿ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆಯ ಅನಾವರಣವೂ ಆಯಿತು. ಅದನ್ನು ರೂಪಿಸಿದ ಶಿಲ್ಪಿ ರಾಮ್ ಸುತಾರ್ ಹುಟ್ಟಿದ್ದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ.

ಗಡಿಯ ಮಾತು ಬಿಸಿಯಾದಾಗಲೆಲ್ಲ "ನೀವು ಯಾವ ಕಡೆಯವರು?" ಎಂಬ ಪ್ರಶ್ನೆ ನಮ್ಮಂಥವರಿಗೆ ತಪ್ಪಿದ್ದಲ್ಲ. ಬೆಂಗಳೂರಿಗೆ ವಿಮಾನ ಕಾರ್ಖಾನೆ ತಂದವರು ಸೊಲ್ಲಾಪುರದವರು, ನಾಡಪ್ರಭುವಿಗೆ ಕಂಚಿನ ರೂಪ ಕೊಟ್ಟವರು ಧುಳೆಯವರು. ಈ ಸಲ ಮಕ್ಕಳನ್ನು ಕರೆದುಕೊಂಡು ಅಲ್ಲಿ ಇಳಿದಾಗ ಇಬ್ಬರ ಹೆಸರನ್ನೂ ಹೇಳಿಕೊಡಿ.

ಶುಭ ಪ್ರಯಾಣ!